ಒಂದೇ ಜೋಡಿ ಕಣ್ಣು

ಲಿಂಗಸುಗೂರಿನಲ್ಲಿ ಬಸ್ಸು ನಿಲ್ಲುವ ಜಾಗದ ಹಿಂದೆ ಕರಿಬಸಯ್ಯನ ಫೋಟೋ ಅಂಗಡಿ ಇತ್ತು. ಜಂಗಮರ ಮನೆಯಲ್ಲಿ ಹುಟ್ಟಿದವನು ಭಿಕ್ಷೆಯ ಜೋಳಿಗೆ ಬಿಟ್ಟು ಕ್ಯಾಮೆರಾ ಹಿಡಿದ ಎಂದು ಮಂದಿ ಮೊದಮೊದಲು ನಕ್ಕರು. ಆಮೇಲೆ ಅವನಿಲ್ಲದೆ ಮಂದಿಗೆ ಸಾಯುವುದೇ ಕಷ್ಟವಾಯಿತು. ಆಗಿನ ಕಾಲದಲ್ಲಿ ಮಸ್ಕಿ, ಸಿಂಧನೂರು ಕಡೆಯವರಿಗೆ ಫೋಟೋ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆ ಎಂಬ ಅಂಜಿಕೆ. ಉಸಿರು ಹೋದ ಮೇಲೆ ಆ ಅಂಜಿಕೆಯೂ ಹೋಗುತ್ತಿತ್ತು. ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ, ಗೋಡೆಗೆ ಒರಗಿಸಿ ಕೂಡಿಸಿದ ಹೆಣದ ಮುಂದೆ ಕರಿಬಸಯ್ಯ ತನ್ನ ಕ್ಯಾಮೆರಾದ ಮುಕ್ಕಾಲಿ ಊರುತ್ತಿದ್ದ.

"ಕಣ್ಣು ತೆರಸ್ರಿ ಅಯ್ನೋರ" ಎಂದು ಮನೆಯವರು ಕೈ ಮುಗಿಯುತ್ತಿದ್ದರು. ಅದೇ ಅವನ ಹೆಚ್ಚುಗಾರಿಕೆ. ಕರಿ ಬಿಳಿಯಾಗಿ, ಬಿಳಿ ಕರಿಯಾಗಿ ಮೂಡುವ ಗಾಜಿನ ಪ್ಲೇಟಿನ ಮೇಲೆ ಮುಚ್ಚಿದ ರೆಪ್ಪೆ ಇರುವಲ್ಲಿ ಪೆನ್ಸಿಲ್ ಆಡಿಸಿದರೆ ಕಾಗದದ ಅಚ್ಚಿನಲ್ಲಿ ಬಿಳಿ ಬರುತ್ತದೆ, ಸಣ್ಣ ಚಾಕುವಿನಿಂದ ಕೆರೆದರೆ ಕರಿ ಬರುತ್ತದೆ. ಬಿಳಿಯೊಳಗೆ ಕರಿಗುಡ್ಡೆ ಕೂತರೆ ಸತ್ತವರು ಕಣ್ಣು ಬಿಟ್ಟು ನೋಡುತ್ತಾರೆ. ರಾಯಚೂರಿನಲ್ಲಿ ಅವನಿಗೆ ಈ ವಿದ್ಯೆ ಕಲಿಸಿದವನು ಹುಸೇನಬಾಷಾ ಎಂಬ ಉಸ್ತಾದ. ಕಲಿತವನ ಹೆಸರು ಉಸ್ತಾದನಿಗಿಂತ ಹೆಚ್ಚಾಯಿತು.

ದೀಪದ ಬುಡದಲ್ಲಿ ಕತ್ತಲೆ ಎನ್ನುವಂತೆ, ಅವನ ಸ್ವಂತ ಹೆಂಡತಿ ಶೇಖರಮ್ಮ ಬದುಕಿದ್ದಾಗ ಒಂದು ಫೋಟೋಕ್ಕೂ ಕೂಡಲಿಲ್ಲ. ಅವಳಿಗೆ ಮೆಳ್ಳೆಗಣ್ಣು. "ನನ್ನ ಐಬು ಗ್ವಾಡಿಗೆ ಯಾಕ ಹಚ್ತಿ, ಬಿಡು" ಎಂದು ಸೆರಗು ಎಳೆದುಕೊಳ್ಳುತ್ತಿದ್ದಳು. ಮಗಳು ಜಂಬಮ್ಮ ಎರಡು ವರ್ಷದವಳಿದ್ದಾಗ ಶೇಖರಮ್ಮ ಆಗ ಅವರಿದ್ದ ಮುದಗಲ್ಲಿನ ಮನೆಯಲ್ಲಿ ಜ್ವರ ಬಂದು ತೀರಿಕೊಂಡಳು. ಕರಿಬಸಯ್ಯ ಅಳುತ್ತಲೇ ಪ್ಲೇಟು ತೆಗೆದ, ಅಳುತ್ತಲೇ ಕಣ್ಣು ತೆರೆಸಿದ. ನೆಟ್ಟಗಿನ ಚೆಂದದ ಕಣ್ಣು. ಅವಳ ಆಸೆಯೂ ಅದೇ ಅಲ್ಲವೇ ಎಂದುಕೊಂಡ.

ಹೈದರಾಬಾದಿನ ಪೊಲೀಸ್ ಆಕ್ಷನ್ ಆದ ನಲವತ್ತೆಂಟರಲ್ಲಿ ಅವನು ಮಗಳನ್ನು ಕಟ್ಟಿಕೊಂಡು ಲಿಂಗಸುಗೂರಿಗೆ ಬಂದ. ಶೇಖರಮ್ಮನನ್ನು ಕಂಡವರು ಮುದಗಲ್ಲಿನಲ್ಲೇ ಉಳಿದರು. ಸತ್ತವರ ಐಬು ಎತ್ತಬಾರದು ಎಂದು ಜೊತೆಗಿದ್ದ ಅವನ ಮುದಿ ತಾಯಿಯೂ ಬಾಯಿ ಬಿಡದೆ ಮಣ್ಣಾದಳು. ಜಂಬಮ್ಮನಿಗೂ ಮೆಳ್ಳೆಗಣ್ಣು. ಹುಡುಗಿ ದೊಡ್ಡವಳಾದಂತೆ ಗೋಡೆಯ ಮೇಲಿನ ಅವ್ವನನ್ನು ನೋಡುವುದು, ಕನ್ನಡಿ ನೋಡುವುದು, ಅದನ್ನು ಬೋರಲು ಹಾಕುವುದು. "ಯಪ್ಪಾ, ಅವ್ವಂದೊಂದೂ ನನಗ ಬರಲಿಲ್ಲಲ್ಲ" ಎಂದು ಒಮ್ಮೊಮ್ಮೆ ಕೇಳುವಳು. ಕರಿಬಸಯ್ಯ ಏನೋ ಕೆಲಸ ನೆನಪಾದವನ ಹಾಗೆ ಎದ್ದು ಹೋಗುವನು.

ಐವತ್ತೊಂದರಲ್ಲಿ ಹೈದರಾಬಾದಿನಿಂದ ಬಂದ ಫೋಟೋ ಕಾಗದದ ಡಬ್ಬಿಯೊಳಗೆ ಒಂದು ಹಾಳೆ ಸಿಕ್ಕಿತು. ಫೋಟೋವನ್ನೇ ದಂಧೆ ಮಾಡಿಕೊಂಡವರಿಗಾಗಿ ವರ್ಷಕ್ಕೊಂದು ಸ್ಪರ್ಧೆ. ಗೆಲ್ಲದವರಿಗೂ ಇಪ್ಪತ್ತಕ್ಕೆ ಎಷ್ಟು ಅಂಕ, ಯಾಕೆ ಅಷ್ಟು ಎಂದು ತೀರ್ಪುಗಾರರ ಚೀಟಿ ಬರುತ್ತದೆ. ಇಂಗ್ಲಿಷ್ ಬರದ ಕರಿಬಸಯ್ಯನಿಗೆ ಅದನ್ನು ಓದಿ ಹೇಳಿದವರು ಸಾಲೆಯ ದಾದೇಸಾಬ ಮಾಸ್ತರರು. ನನ್ನ ಕೈಚಳಕ ಹೈದರಾಬಾದಿನವರೂ ನೋಡಲಿ ಎಂಬ ಹುಕಿ ಅವನಿಗೆ ಬಂತು.

ಮೊದಲ ವರ್ಷ ಮಸ್ಕಿಯ ಗೌಡರೊಬ್ಬರನ್ನು, ಅರಮನೆ ಮತ್ತು ಹಂಸದ ಕೊಳ ಬರೆದ ಪರದೆಯ ಮುಂದೆ ಕೂಡಿಸಿ ಕಳಿಸಿದ. ಆರು ಅಂಕ ಬಂತು. "ಈ ಮನುಷ್ಯ ಆ ಅರಮನೆಯವನಲ್ಲ. ಅವನ ಮನೆಗೆ ಬಾಗಿಲಿಲ್ಲವೇ?" ಎಂದು ಚೀಟಿ ಕೇಳಿತ್ತು. ಕರಿಬಸಯ್ಯ ಎರಡು ದಿನ ಆ ತೀರ್ಪುಗಾರನ ವಂಶವನ್ನೆಲ್ಲ ಬೈದ. ಮೂರನೆಯ ದಿನ ಪರದೆ ಸುತ್ತಿ ಅಟ್ಟಕ್ಕೆ ಎಸೆದು, ಗಿರಾಕಿಗಳನ್ನು ಬಾಗಿಲ ಬೆಳಕಿನಲ್ಲಿ ಕೂಡಿಸತೊಡಗಿದ.

ಮರುವರ್ಷ ತುರ್ವಿಹಾಳದ ಗ್ಯಾನಮ್ಮ ಹೊಸ್ತಿಲಲ್ಲಿ ಕೂತು ಜೋಳ ಕೇರುವ ಚಿತ್ರ ಹೋಯಿತು. ಹನ್ನೆರಡು ಅಂಕ. ಬೆಳಕು ಚೆನ್ನಾಗಿದೆ, ಆದರೆ ಹೆಂಗಸು ಯಾರದೋ ಹುಕುಂಗೆ ಅಂಜಿ ಮೊರ ಹಿಡಿದ ಹಾಗಿದೆ ಎಂದರು. ಮಾತು ಖರೆ. ಹುಕುಂ ಕೊಟ್ಟವನು ಇವನೇ. ಅಂದಿನಿಂದ "ಅಲುಗಾಡಬ್ಯಾಡ್ರಿ" ಎಂದು ಗದರುವುದನ್ನು ಬಿಟ್ಟು, ಮಂದಿ ತಮ್ಮಷ್ಟಕ್ಕೆ ತಾವು ಆಗುವವರೆಗೆ ಕಾಯುವುದನ್ನು ಕಲಿತ. ಚೀಟಿ ಎಂದರೆ ಅವನಿಗೆ ಈಗ ಗುರುವಿನ ಮಾತು.

ಐವತ್ತನಾಲ್ಕರಲ್ಲಿ ಅವನು ತನ್ನ ಕೈಯ ಅತಿ ದೊಡ್ಡ ಕೆಲಸವನ್ನೇ ಕಳಿಸಿದ. ಒಂದು ಶೇಖರಮ್ಮನ ಚಿತ್ರ, ಇನ್ನೊಂದು ಸಿಂಧನೂರಿನ ಬಸವಣ್ಣೆಮ್ಮ ಎಂಬ ತೀರಿಕೊಂಡ ಮುದುಕಿಯದು. ಹೆಣವೆಂದು ಬರೆಯಲಿಲ್ಲ. ಗೊತ್ತಾಗುವುದಿಲ್ಲ ಎಂಬ ಸೊಕ್ಕು.

ಚೀಟಿ ಬಂದಾಗ ಮಾಸ್ತರರು ಓದುತ್ತ ನಕ್ಕರು, ಆಮೇಲೆ ನಗು ನಿಲ್ಲಿಸಿದರು. "ಎರಡಕ್ಕೂ ಕೂಡಿ ನಾಕ ಅಂಕ ಅಯ್ನೋರ. ಬರದಾರ, 'ಇವರಿಬ್ಬರೂ ಬೇರೆ ಬೇರೆ ಹೆಂಗಸರು, ಕಣ್ಣು ಮಾತ್ರ ಒಂದೇ ಜೋಡಿ. ಇವು ಯಾರ ಕಣ್ಣು?' ಅಂತ."

ಕರಿಬಸಯ್ಯ ಅಂಗಡಿಗೆ ಬಂದು ಹಳೆಯ ಪ್ಲೇಟುಗಳ ಪೆಟ್ಟಿಗೆ ತೆಗೆದ. ಒಂದೊಂದನ್ನೇ ಕಿಟಕಿಗೆ ಹಿಡಿದು ನೋಡಿದ. ಮಸ್ಕಿಯ ಸಾಹುಕಾರ, ಹಟ್ಟಿಯ ಗಣಿಯಲ್ಲಿ ಸತ್ತವನು, ತುರ್ವಿಹಾಳದ ಬಾಣಂತಿ. ಎಲ್ಲರೂ ಅದೇ ಕಣ್ಣು ಬಿಟ್ಟು ನೋಡುತ್ತಿದ್ದರು. ಹುಸೇನಬಾಷಾ ಬರೆದು ತೋರಿಸಿ ತಿದ್ದಿಸಿದ ಬಾದಾಮಿ ಕಣ್ಣು. ಹದಿನೈದು ವರ್ಷ ಅವನ ಕೈ ಮೂರು ತಾಲೂಕಿನ ಸತ್ತವರಿಗೆಲ್ಲ ಅದನ್ನೇ ಹಂಚಿತ್ತು. ಮಂದಿಯ ಮಾತು ಹಾಳಾಗಿ ಹೋಗಲಿ, ತನ್ನ ಮಗಳು ಇಷ್ಟು ವರ್ಷ ಯಾರನ್ನು ಅವ್ವ ಎಂದು ನೋಡುತ್ತಿದ್ದಾಳೆ?

ಹೇಳಬೇಕು ಎಂದುಕೊಂಡ. ಹೇಳಲಿಲ್ಲ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡು ಎರಡು ತಿಂಗಳು ತಿರುಗಿದ. ಅಷ್ಟರಲ್ಲಿ ಸಿಂಧನೂರಿನಿಂದ ಹೆಣ್ಣು ನೋಡಲು ಬಂದರು. ಬಂದ ಹೆಂಗಸು ಅವಲಕ್ಕಿ ತಿನ್ನುತ್ತ ಗೋಡೆ ನೋಡಿದಳು, ಜಂಬಮ್ಮನನ್ನು ನೋಡಿದಳು.

"ತಾಯಿ ಕಣ್ಣು ಎಷ್ಟು ಚೆಂದ ಅದಾವ. ಮಗಳಿಗೆ ಯಾಕ ಹಿಂಗಾತು?" ಎಂದು ಸಂಕಟಪಟ್ಟವಳ ಹಾಗೆ ಕೇಳಿದಳು. ಜಂಬಮ್ಮ ತಲೆ ತಗ್ಗಿಸಿ ಒಳಗೆ ಹೋದಳು. ಕರಿಬಸಯ್ಯ ಬಂದವರ ತಟ್ಟೆಗೆ ಇನ್ನಷ್ಟು ಅವಲಕ್ಕಿ ಹಾಕಿದ. ಬಂದವರು ಹೇಳಿ ಕಳಿಸುತ್ತೇವೆಂದು ಹೋದರು. ಹೇಳಿ ಕಳಿಸಲಿಲ್ಲ.

ಅವರು ಹೋದ ಮೇಲೆ ಜಂಬಮ್ಮ ಅಡುಗೆಮನೆಯ ಮೂಲೆಯಲ್ಲಿ ಕೂತಿದ್ದಳು. ಅವನು ಹೋಗಿ ಎದುರಿಗೆ ಕುಕ್ಕರಿಸಿದ.

"ಜಂಬವ್ವಾ, ಆ ಕಣ್ಣು ನಿಮ್ಮವ್ವಂದಲ್ಲ. ನಾ ಬರದದ್ದು. ನಿಮ್ಮವ್ವಂದೂ ನಿನ್ನಂಗ ಮೆಳ್ಳಗಣ್ಣು ಇತ್ತು."

ಅವಳು ಎದ್ದು ಬಾಗಿಲಿಗೆ ಬಂದು ಗೋಡೆಯ ಮೇಲಿನ ಫೋಟೋ ನೋಡಿದಳು.

"ಮೊದಲ ಹೇಳಿದ್ರ ಅವ್ವ ಕೊಟ್ಟದ್ದು ಅಂತ ತಲಿ ಎತ್ತಿ ತಿರಗತಿದ್ದೆ" ಎಂದಳು. "ಹದಿನಾರು ವರ್ಷ ನನ್ನ ಮುಖ ನನಗ ಬ್ಯಾಡಾಗಿತ್ತಲ್ಲೋ ಯಪ್ಪಾ."

"ತಿದ್ದಿದ್ದು ತೆಗಿ. ಮುಚ್ಚಿದ ಕಣ್ಣರ ಇರಲಿ" ಎಂದು ಆಮೇಲೆ ಕೇಳಿದಳು. ಕೆರೆದ ಪ್ಲೇಟಿನಲ್ಲಿ ರೆಪ್ಪೆ ಎಲ್ಲಿಂದ ಬರಬೇಕು? ಅದು ಚಾಕುವಿನ ತುದಿಗೆ ಪುಡಿಯಾಗಿ ಎಂದೋ ಹೋಗಿತ್ತು. ಅದನ್ನೂ ಹೇಳಿದ. ಒಂಬತ್ತು ದಿನ ಅವಳು ರೊಟ್ಟಿ ಬಡಿದು ಹಾಕಿದಳೇ ಹೊರತು ಮಾತಾಡಲಿಲ್ಲ. ಹತ್ತನೆಯ ದಿನ ಅಂಗಡಿಗೆ ಬಂದು ಬಾಗಿಲಲ್ಲಿ ಕೂತಳು.

"ನಂದು ತೆಗಿ. ಮುಖ ತಿರುಗಸಾಂಗಿಲ್ಲ."

ಅಲ್ಲಿಯವರೆಗೆ ಅವನು ಮಗಳನ್ನು ಯಾವಾಗಲೂ ಪಕ್ಕದಿಂದಲೇ ತೆಗೆದಿದ್ದ. ಅಂದು ಎದುರಿಗೆ ನಿಂತು ಕಾದ. ಹುಡುಗಿ ತನ್ನಷ್ಟಕ್ಕೆ ತಾನಾದಾಗ ಗುಂಡಿ ಒತ್ತಿದ. ಆ ಪ್ಲೇಟಿಗೆ ಪೆನ್ಸಿಲೂ ತಾಗಲಿಲ್ಲ, ಚಾಕುವೂ ತಾಗಲಿಲ್ಲ. ಅವಳ ಮಾತಿನ ಮೇಲೆಯೇ ಐವತ್ತೈದರ ಸ್ಪರ್ಧೆಗೆ ಅದು ಹೋಯಿತು.

ಐವತ್ತಾರರ ಮೊದಲಿಗೆ ದಾದೇಸಾಬ ಮಾಸ್ತರರು ಚೀಟಿ ಹಿಡಿದು ಅಂಗಡಿಗೇ ಬಂದರು. ಜಂಬಮ್ಮ ಒದ್ದೆ ಚಿತ್ರಗಳನ್ನು ಹಗ್ಗಕ್ಕೆ ಹಾಕುತ್ತಿದ್ದಳು.

"ಹದಿನೈದು ಅಂಕ ಬಂದಾವ. ಬೆಳಕು ಉತ್ತಮ, ನೋಟ ನೇರ ಅಂದಾರ" ಎಂದು ಓದಿ, ಮಾಸ್ತರರು ಕಾಗದ ಮಡಚಹೋದರು.

"ಇನ್ನಾ ಎರಡು ಸಾಲು ಕಾಣಾಕತ್ತಾವ್ರಿ" ಎಂದಳು ಜಂಬಮ್ಮ.

ಮಾಸ್ತರರು ಕರಿಬಸಯ್ಯನ ಕಡೆ ನೋಡಿದರು. "ಓದ್ರಿ. ಮುಚ್ಚೋದು ಸಾಕಾಗೇತಿ" ಎಂದ ಅವನು.

"'ಎಡಗಣ್ಣಿನ ದೋಷವನ್ನು ಛಾಯಾಚಿತ್ರಕಾರರು ತಿದ್ದಿದ್ದರೆ ಬಹುಮಾನಕ್ಕೆ ಅರ್ಹವಾಗುತ್ತಿತ್ತು.'"

ಕರಿಬಸಯ್ಯನಿಗೆ ಮೈ ಉರಿಯಿತು. ಗುರುವಿನ ಮಾತೆಂದು ಐದು ವರ್ಷ ಕಣ್ಣಿಗೊತ್ತಿಕೊಂಡ ಚೀಟಿ ಇದೇ ಏನು? ಅವನು ಬಯ್ಯಲು ಬಾಯಿ ತೆರೆಯುವಷ್ಟರಲ್ಲಿ ಜಂಬಮ್ಮ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಒಂದು ಥರದ ಆಸೆ ಇತ್ತು.

"ಯಪ್ಪಾ, ಅವ್ವಂದೂ ಎಡಗಣ್ಣ ಏನು?"

ಹೌದು ಎಂದರೆ ಮುಗಿಯುತ್ತಿತ್ತು. ಅವಳು ಬೇಡಿದ್ದೂ ಅಷ್ಟೇ. ಕರಿಬಸಯ್ಯ ಕಣ್ಣು ಮುಚ್ಚಿ ಹೆಂಡತಿಯನ್ನು ನೆನೆದ. ಅವಳ ದನಿ ಬಂತು, ಸೆರಗು ಎಳೆದುಕೊಳ್ಳುವ ಕೈ ಬಂತು. ಮುಖ ಬಂದಾಗ ಅದರಲ್ಲಿ ಉಸ್ತಾದ ಕಲಿಸಿದ ಕಣ್ಣುಗಳಿದ್ದವು, ನೆಟ್ಟಗೆ, ಎರಡೂ. ಮತ್ತೆ ಮತ್ತೆ ನೆನೆದ. ಮತ್ತೆ ಮತ್ತೆ ಅವೇ ಬಂದವು.

"ನೆನಪಿಲ್ಲವ್ವಾ" ಎಂದ.