ಆಕೆಯ ಹಿಂದಿನ ಗೋಡೆ

ಕೊರೋನಾದ ಎರಡನೇ ಅಲೆ ಇಳಿದು ಕಾಲೇಜು ತೆರೆದಾಗ, ಬಸವನ ಬಾಗೇವಾಡಿಯ ನನ್ನ ತರಗತಿಯಲ್ಲಿ ಅರ್ಧ ಮಕ್ಕಳು ಬೆಂಚಿನ ಮೇಲಿದ್ದರು, ಇನ್ನರ್ಧ ಮೊಬೈಲಿನಲ್ಲಿದ್ದರು. ಬಿ.ಎ. ಕೊನೆಯ ವರ್ಷಕ್ಕೆ ನಾನು ಇತಿಹಾಸ ಹೇಳುತ್ತಿದ್ದೆ. ಲ್ಯಾಪ್‌ಟಾಪಿನ ಕ್ಯಾಮೆರಾವನ್ನು ನನ್ನತ್ತ ತಿರುಗಿಸಿಟ್ಟು, ಮನೆಯಲ್ಲಿದ್ದವರ ಮುಖಗಳನ್ನು ಪ್ರೊಜೆಕ್ಟರಿನಿಂದ ಪಕ್ಕದ ಗೋಡೆಯ ಮೇಲೆ ಬಿಡುತ್ತಿದ್ದೆ. ಗೋಡೆಯವರ ಜೊತೆ ಮಾತಾಡಿದರೆ ಬೆಂಚಿನವರು ಕಿಟಕಿಯಾಚೆ ನೋಡುತ್ತಿದ್ದರು, ಬೆಂಚಿನವರ ಕಡೆ ತಿರುಗಿದರೆ ಗೋಡೆಯವರು ಕ್ಯಾಮೆರಾ ಆರಿಸಿ ಮಾಯವಾಗುತ್ತಿದ್ದರು. ಹೀಗಾಗಿ ಕ್ಯಾಮೆರಾ ಆರಿಸಿದವರಿಗೆ ಹಾಜರಿ ಇಲ್ಲ ಎಂದು ಹೇಳಿಬಿಟ್ಟಿದ್ದೆ.

ಗೊಳಸಂಗಿಯ ಆಚೆಗಿನ ಹಳ್ಳಿಯ ಒಬ್ಬ ವಿದ್ಯಾರ್ಥಿನಿ, ಲಕ್ವ ಹೊಡೆದು ಮಲಗಿದ್ದ ಅಜ್ಜಿಯನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದಿದ್ದಳು. ಮೊದಮೊದಲು ಹೊಸ್ತಿಲಲ್ಲಿ ಕುಳಿತಿರುತ್ತಿದ್ದಳು. ಹಿಂದಿನಿಂದ ಬೆಳಕು ಬಿದ್ದು ಮುಖ ಕಪ್ಪಾಗಿ ಕಾಣುತ್ತಿತ್ತು. "ಒಳಗ ಸರಿದು ಕೂಡವ್ವಾ, ಮುಖ ಕಾಣವಲ್ದು" ಎಂದೆ. ಮರುದಿನದಿಂದ ಪಡಸಾಲೆಯ ಹಿಂದಿನ ಗೋಡೆಗೆ ಬೆನ್ನು ಕೊಟ್ಟು ಕೂರತೊಡಗಿದಳು. ಹೇಳಿದಷ್ಟು ಮಾಡುವ ಸ್ವಭಾವ ಆಕೆಯದು.

ಆ ಗೋಡೆಯ ಸೀಳನ್ನು ನಾನು ಮೊದಲು ಕಂಡಾಗ ಆಕೆಯ ಜಡೆಯಿಂದ ಬಿಚ್ಚಿಕೊಂಡ ಎಳೆ ಎಂದುಕೊಂಡೆ. ಆಕೆ ತಲೆ ಬಗ್ಗಿಸಿದರೂ ಎಳೆ ಅಲ್ಲೇ ಇತ್ತು. ಎಡಗಿವಿಯ ಹಿಂದಿನಿಂದ ಹೊರಟು ಮೇಲೆ ಜಂತಿಯವರೆಗೆ ಹೋಗಿತ್ತು. ಜಂತಿಯ ಮೇಲೆ ಗೇಣು ದಪ್ಪ ಮಣ್ಣು ಹರವಿದ, ನಮ್ಮ ಕಡೆಯ ಹಳೆಯ ಮಾಳಿಗೆ ಮನೆ ಅದು. ಅಂಥ ಮನೆಯಲ್ಲಿ ನಾನೂ ಬೆಳೆದವಳು. ಸೀಳಿನ ಅರ್ಥ ನನಗೆ ಗೊತ್ತಿತ್ತು.

ಪಾಠ ಮುಗಿದ ಮೇಲೆ ಕೇಳಿದೆ. "ಅದು ಮದಲಿಂದನೂ ಐತ್ರಿ ಮೇಡಂ. ಅಪ್ಪ ಮಣ್ಣು ಮೆತ್ತತಾನ" ಎಂದು ನಕ್ಕಳು.

ಆ ವಾರ ಮಳೆ ಹಿಡಿಯಿತು. ಜೋರಾಗಿ ಸುರಿದು ಹೋಗುವ ಮಳೆಯಲ್ಲ, ಹಗಲೂ ರಾತ್ರಿ ಜಿಟಿಜಿಟಿ. ಸೋಮವಾರ ಸೀಳಿನಲ್ಲಿ ಪೆನ್ಸಿಲ್ ಹಿಡಿಸುವಂತಿತ್ತು. ಬುಧವಾರ ಅದರೊಳಗಿನ ಕತ್ತಲೆ ಕಾಣುತ್ತಿತ್ತು. ಪ್ರೊಜೆಕ್ಟರಿನಲ್ಲಿ ಅದು ನಮ್ಮ ತರಗತಿಯ ಗೋಡೆಯೇ ಬಿರಿದಂತೆ ಕಾಣುತ್ತಿತ್ತು, ಆದರೂ ಮಕ್ಕಳು ನೋಟ್ಸ್ ಬರೆದುಕೊಳ್ಳುತ್ತಿದ್ದರು. ಆಕೆಯ ಅಪ್ಪನಿಗೆ ಫೋನ್ ಮಾಡಿದೆ.

"ಮಳಿ ನಿಂತ ಮ್ಯಾಲೆ ನೋಡ್ತೇವ್ರಿ ಮೇಡಂ. ಈ ಮಳ್ಯಾಗ ನಮ್ಮವ್ವನ್ನ ಎತ್ಕೊಂಡು ಯಾರ ಮನಿಗೆ ಹೋಗೂಣ ಹೇಳ್ರಿ" ಎಂದರು. ಫೋನ್ ಇಟ್ಟೆ. ಪಂಚಾಯಿತಿಗೆ ಹೇಳಬೇಕು ಅಂದುಕೊಂಡೆ, ಹೇಳಲಿಲ್ಲ.

ಶುಕ್ರವಾರ ಮಳೆ ನಿಂತು ಬಿಸಿಲು ಬಿತ್ತು. ಅದಕ್ಕೇ ನನಗೆ ಹೆಚ್ಚು ಭಯವಾಯಿತು. ನೆನೆದ ಮಣ್ಣು ಬಿಸಿಲು ಕಂಡಾಗಲೇ ಹಿಡಿತ ಬಿಡುತ್ತದೆ. ತೊಗರಿಯಲ್ಲಿ ನಿಂತ ನೀರನ್ನು ಹೊರಬಿಡಲು ಅಪ್ಪ, ಅವ್ವ ಹೊಲಕ್ಕೆ ಹೋಗಿದ್ದಾರೆಂದು ಹಾಜರಿ ಹೇಳುವಾಗ ಆಕೆಯೇ ತಿಳಿಸಿದಳು. ಪಾಠ ನಡೆದಿತ್ತು. ಆಕೆ ಬರೆಯುತ್ತ ಬರೆಯುತ್ತ ಪುಸ್ತಕದ ಮೇಲಿನಿಂದ ಏನನ್ನೋ ಅಂಗೈಯಿಂದ ಒರೆಸಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಒರೆಸಿದಳು. ಮಣ್ಣು ಉದುರುತ್ತಿತ್ತು.

ಆಕೆಯ ಊರಿನವನೇ ಆದ ಒಬ್ಬ ವಿದ್ಯಾರ್ಥಿ ಬೆಂಚಿನಿಂದ ಎದ್ದು ನಿಂತ. "ಮೇಡಂ, ಜಂತಿ ಬಾಗೈತ್ರಿ" ಎಂದ.

"ಏಳು, ಹೊರಗ ಹೋಗು, ಅಜ್ಜಿನ ಕರ್ಕೊಂಡು ಹೊರಗ ಹೋಗು" ಎಂದು ಕೂಗಿದೆ.

ಆಕೆ ಪರದೆಯ ಹತ್ತಿರ ಬಗ್ಗಿ ಕಿವಿಗೊಟ್ಟಳು. "ಮೇಡಂ, ನಿಮ್ಮ ದನಿ ಒಡೆದು ಬರಾಕತ್ತೈತ್ರಿ. ಇನ್ನೊಮ್ಮೆ ಹೇಳ್ರಿ."

ಮತ್ತೆ ಕೂಗಿದೆ. ಆಕೆ ಪೆನ್ನು ಹಿಡಿದು ಕಾಯುತ್ತ ಕುಳಿತಳು, ಬರೆದುಕೊಳ್ಳಲು. ಆಗ ಬೋರ್ಡಿನ ಮೇಲಿದ್ದುದನ್ನೆಲ್ಲ ತೋಳಿನಿಂದ ಒರೆಸಿ, ದೊಡ್ಡ ಅಕ್ಷರಗಳಲ್ಲಿ 'ಮನೆ ಬೀಳುತ್ತಿದೆ' ಎಂದು ಬರೆದು ಲ್ಯಾಪ್‌ಟಾಪನ್ನು ಎತ್ತಿ ಅದರ ಮುಂದೆ ಹಿಡಿದೆ. ಅಷ್ಟರಲ್ಲಿ ಆ ವಿದ್ಯಾರ್ಥಿ ಊರಿಗೆ ಫೋನ್ ಹಚ್ಚಿದ್ದ. ಆಕೆ ಓದಿದಳು. ತಲೆಯೆತ್ತಿ ಮೇಲೆ ನೋಡಿದಳು. ಎದ್ದವಳು ಬಾಗಿಲ ಕಡೆ ಹೋಗಲಿಲ್ಲ, ಅಜ್ಜಿ ಮಲಗಿದ್ದ ಒಳಕೋಣೆಯ ಕಡೆ ಓಡಿದಳು.

ಗೋಡೆಯ ಮೇಲೆ ಬರೀ ಗೋಡೆ ಉಳಿಯಿತು. ಎಷ್ಟು ಹೊತ್ತೋ ಹೇಳಲಾರೆ. ಆಮೇಲೆ ಮೂಟೆ ಇಳಿಸಿದಂಥ ಸದ್ದು, ನಂತರ ಕತ್ತಲೆ.

ಆದರೆ ಆಕೆಯ ಫೋನ್ ಕಡಿದುಹೋಗಲಿಲ್ಲ. ಪಟ್ಟಿಯಲ್ಲಿ ಆಕೆಯ ಹೆಸರು ಹಾಗೇ ಇತ್ತು, ಮೈಕು ತೆರೆದಿತ್ತು. ತರಗತಿಯ ಸ್ಪೀಕರಿನಲ್ಲಿ ಮಣ್ಣು ಜಾರುವ ಸಣ್ಣ ಸದ್ದು ಬರುತ್ತಲೇ ಇತ್ತು. ಅದನ್ನು ಆರಿಸಲು ಯಾರಿಗೂ ಧೈರ್ಯ ಬರಲಿಲ್ಲ. ನೆಟ್‌ವರ್ಕ್ ಹೋಗಿ ಆಗಷ್ಟೇ ಮರಳಿ ಬಂದ ಯಾರೋ ಒಬ್ಬ, "ಇವತ್ತಿನ ನೋಟ್ಸ್ ಗ್ರೂಪಿಗೆ ಹಾಕ್ತೀರೇನ್ರಿ" ಎಂದು ಕೇಳಿದ.

ಕೊನೆಗೆ ಬೆಂಚಿನ ವಿದ್ಯಾರ್ಥಿಗೆ ಊರಿನಿಂದ ಫೋನ್ ಬಂತು. ಪಕ್ಕದ ಮನೆಯವರು ಬಂದು ಅಜ್ಜಿ ಮಲಗಿದ್ದ ಕೌದಿಯ ಒಂದು ತುದಿ ಹಿಡಿದಿದ್ದರು, ಈಕೆ ಇನ್ನೊಂದು ತುದಿ. ಅಜ್ಜಿಯನ್ನು ಕೌದಿಯ ಸಮೇತ ಎಳೆದುಕೊಂಡು ಹಿತ್ತಲ ಬಾಗಿಲಿನಿಂದ ಹೊರಗೆ ಬಂದಿದ್ದರು. ಈಕೆಯ ಭುಜದ ಮೇಲೆ ಕಲ್ಲು ಬಿದ್ದು ಎಲುಬು ಮುರಿದಿತ್ತು. ಇಬ್ಬರೂ ಬದುಕಿದ್ದರು.

ಮರುದಿನ ಹೋದೆ. ಮನೆಯವರೆಲ್ಲ ಊರ ಶಾಲೆಯ ಒಂದು ಕೋಣೆಯಲ್ಲಿದ್ದರು. "ನಾನೇ ನಿನ್ನ ಆ ಗೋಡಿಗೆ ಕೂಡ್ಸಿದ್ನಿ" ಎಂದೆ. "ಹೊಸ್ತಿಲದಾಗ ಕುಂತಿದ್ರ ಗೋಡಿ ಯಾರಿಗೆ ಕಾಣತಿತ್ರಿ?" ಎಂದಳು. ಅದು ನನ್ನನ್ನು ಸಮಾಧಾನಪಡಿಸಲು ಹೇಳಿದ್ದೋ, ನಿಜವೋ, ಈಗಲೂ ನನಗೆ ತಿಳಿಯದು. ಹೊರಡುವಾಗ ಆಕೆಯ ಅಪ್ಪ ಬಾಗಿಲವರೆಗೆ ಬಂದು, "ನಮ್ಮ ಓಣ್ಯಾಗ ಇನ್ನೂ ಐದಾರು ಮನಿ ಹಿಂಗ ಅದಾವ್ರಿ" ಎಂದರು. ಮೋಡ ಮತ್ತೆ ಕಟ್ಟಿತ್ತು. ಈ ಸಲ ದಾರಿಯಲ್ಲೇ ಪಂಚಾಯಿತಿಗೆ ಹೋಗಿ ಬರೆದುಕೊಟ್ಟೆ.

ಸೋಮವಾರ ನಾನು ಪಾಠ ಮಾಡಲಿಲ್ಲ. ಮನೆಯಲ್ಲಿದ್ದವರಿಗೆಲ್ಲ, ಒಬ್ಬೊಬ್ಬರಾಗಿ ಮೊಬೈಲನ್ನು ಮೇಲಕ್ಕೆ ತಿರುಗಿಸಿ ಮಾಳಿಗೆ ತೋರಿಸಲು ಹೇಳಿದೆ. ಬೆಂಚಿನವರೂ ಗೋಡೆಯತ್ತ ತಿರುಗಿ ನೋಡುತ್ತಿದ್ದರು. ಮೂವರು ತೋರಿಸಿದರು. ದೇವರ ಹಿಪ್ಪರಗಿ ಕಡೆಯ ನಾಲ್ಕನೆಯವನು ಬಹಳ ಹೊತ್ತು ತಿರುಗಿಸಲಿಲ್ಲ. "ನಾಚಿಗಿ ಬರ್ತೈತ್ರಿ ಮೇಡಂ" ಎಂದ. ಕೊನೆಗೆ ತಿರುಗಿಸಿದ.

"ಮನ್ಯಾಗ ಯಾರ್‍ಯಾರದೀರಿ? ಎಲ್ಲಾರೂ ಈಗ ಹೊರಗ ಬರ್ರಿ" ಎಂದೆ. "ಬಂದ ಮ್ಯಾಲೆ ನಿಮ್ಮ ಅಪ್ಪನ ಕೈಯಾಗ ಫೋನ್ ಕೊಡು."