ಹತ್ತಿ ಮಾವನ ನಲವತ್ತು ಸೆಕೆಂಡು

ಹಗಲು ಅವನದು ಪಂಕ್ಚರ್ ಅಂಗಡಿ, ಸಂಜೆಯಾದರೆ ಬಾಕ್ಸಿಂಗ್ ಶಾಲೆ. ಎರಡೂ ಕಡೆ ಸೋರುವುದನ್ನು ನಿಲ್ಲಿಸುವುದೇ ಕೆಲಸ. ಕಿವಿಯ ಹಿಂದೆ ಸದಾ ಹತ್ತಿ ಸುತ್ತಿದ ಕಡ್ಡಿ ಇರುತ್ತಿದ್ದುದರಿಂದ ಹುಡುಗರೆಲ್ಲ ಅವನನ್ನು ಹತ್ತಿ ಮಾವ ಎನ್ನುತ್ತಿದ್ದರು. ಮಾವ ದಿಟ್ಟಿಸಿದರೆ ಮುರಿದ ನಲ್ಲಿಯೂ ಹೆದರಿ ಸುಮ್ಮನಾಗುತ್ತದೆ ಎಂದು ನಗುತ್ತಿದ್ದರು.

ಎರಡು ರೌಂಡುಗಳ ನಡುವೆ ಬಿಡುವು ಒಂದು ನಿಮಿಷ. ರಿಂಗ್ ಹತ್ತಲು ಹತ್ತು ಸೆಕೆಂಡು, ಇಳಿಯಲು ಹತ್ತು. ಉಳಿದ ನಲವತ್ತರಲ್ಲಿ ಬಾಕ್ಸರನ ಗಾಯ ಒರೆಸಬೇಕು, ರಕ್ತ ನಿಲ್ಲಿಸುವ ಔಷಧದಲ್ಲಿ ಅದ್ದಿದ ಕಡ್ಡಿಯನ್ನು ಅದರ ಆಳಕ್ಕೆ ಇಳಿಸಿ ಒತ್ತಿ ಹಿಡಿಯಬೇಕು, ಮೇಲೆ ವ್ಯಾಸಲೀನ್ ಮೆತ್ತಬೇಕು. ಆ ಕೆಲಸದಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಒಂದು ಪಂದ್ಯದಲ್ಲಿ ಅವನು ತನ್ನ ಅಕ್ಕನ ಒಬ್ಬನೇ ಮಗನ ಕಡೆ ನಿಂತಿದ್ದ. ಎದುರಾಳಿಯನ್ನು ಎಲ್ಲರೂ ಗೂಳಿ ಎನ್ನುತ್ತಿದ್ದರು. ಆರನೇ ರೌಂಡಿನಲ್ಲಿ ಗೂಳಿಯ ಎಡ ಮುಷ್ಟಿ ಹುಡುಗನ ಬಲ ಹುಬ್ಬನ್ನು ಎಲುಬು ಕಾಣುವಷ್ಟು ಸೀಳಿತು. ರಕ್ತ ಮುಂದಿನ ಸಾಲಿನವರ ಅಂಗಿಗೂ ಸಿಡಿಯಿತು. ಮಾವ ನಲವತ್ತು ಸೆಕೆಂಡಿನಲ್ಲಿ ಅದನ್ನು ಒಣಗಿಸಿದ. ಡಾಕ್ಟರು ಟಾರ್ಚ್ ಹಿಡಿದು ನೋಡಿ, ಆಡಬಹುದು ಎಂದರು. ಏಳನೇ ರೌಂಡಿನಲ್ಲಿ ಹುಡುಗನ ಕೈಗಳು ಜೋತುಬಿದ್ದವು. ಗೂಳಿ ನಿಲ್ಲಿಸಲಿಲ್ಲ. ಹದಿನಾಲ್ಕು ಏಟು, ದವಡೆಗೆ, ಕಪಾಳಕ್ಕೆ, ಕಿವಿಯ ಹಿಂದಕ್ಕೆ. ರೆಫರಿ ನಡುವೆ ನುಗ್ಗುವ ಹೊತ್ತಿಗೆ ಹುಡುಗ ಹಗ್ಗದ ಮೇಲೆ ನೇತಾಡುತ್ತಿದ್ದ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ನಾಲ್ಕನೇ ದಿನ ಸತ್ತ.

ಊರು ಗೂಳಿಯನ್ನು ಕೊಲೆಗಡುಕ ಎಂದಿತು. ಅವನ ಮನೆಗೆ ಕಲ್ಲು ಬಿದ್ದವು. ಕಲ್ಲೆಸೆದ ಒಬ್ಬನ ಹಲ್ಲುದುರಿಸಿ ಅವನು ಜೈಲಿಗೂ ಹೋದ. ಅಕ್ಕ ದಿನಾ ಗೂಳಿಗೆ ಹಿಡಿಶಾಪ ಹಾಕುತ್ತಿದ್ದಳು. ತಮ್ಮ ಮಾತ್ರ ಮಗನನ್ನು ಉಳಿಸಲು ಒದ್ದಾಡಿದ ಎಂದು ನಂಬಿ, ಅವನಿಗೆ ತನ್ನ ಮನೆಯಲ್ಲೇ ಒಂದು ಕೋಣೆ ಕೊಟ್ಟಿದ್ದಳು. ಆ ನಲವತ್ತು ಸೆಕೆಂಡಿನ ಬಗ್ಗೆ ಮಾವ ತುಟಿ ಪಿಟಕ್ಕೆನ್ನಲಿಲ್ಲ. ಬಾಯಿಬಿಟ್ಟರೆ ಅಕ್ಕನೂ ಕೈಬಿಡುತ್ತಾಳೆ ಎಂಬ ಭಯ ಅವನಿಗೆ.

ಈಗ ಗೂಳಿಯ ಬದುಕು ಸಿನಿಮಾ ಆಗುತ್ತಿತ್ತು. ಹಳೆಯ ಗೋದಾಮಿನಲ್ಲಿ ರಿಂಗ್ ಕಟ್ಟಿ, ನಟರಿಗೆ ಕೆಲಸ ಕಲಿಸಲು ಮಾವನನ್ನು ಕರೆಸಿದ್ದರು. ಅಕ್ಕನನ್ನೂ ಕರೆತಂದು ಕುರ್ಚಿ ಹಾಕಿ ಕೂರಿಸಿದ್ದರು. ಚಿತ್ರಕತೆಯ ಪ್ರಕಾರ ಹುಡುಗನ ರಕ್ತ ನಿಲ್ಲುವುದೇ ಇಲ್ಲ. ಗೂಳಿಯ ಕಡೆಯವರ ಲಂಚ ತಿಂದ ಡಾಕ್ಟರು ಕಂಡೂ ಕಾಣದಂತೆ ಇಳಿದು ಹೋಗುತ್ತಾರೆ. ಮಾವನ ಪಾತ್ರದವನು ಹತ್ತಿಯನ್ನು ಗಾಯದ ಮೇಲೆ ಸುಮ್ಮನೆ ಆಡಿಸುತ್ತಿದ್ದ. ಬಣ್ಣದ ರಕ್ತ ಧಾರಾಕಾರವಾಗಿ ಇಳಿಯುತ್ತಿತ್ತು. ಎರಡು ಟೇಕ್ ಮಾವ ಸಹಿಸಿಕೊಂಡ. ಮೂರನೆಯದಕ್ಕೆ ರಿಂಗ್ ಹತ್ತಿ ನಟನನ್ನು ಪಕ್ಕಕ್ಕೆ ತಳ್ಳಿದ.

"ಹಿಂಗೆಲ್ಲ ಸೋರ್ಲಿಲ್ಲ ರೀ. ನಾನು ನಿಲ್ಸಿದ್ದೆ. ಡಾಕ್ಟ್ರು ನೋಡಿದಾಗ ಒಂದು ಹನಿ ಇರ್ಲಿಲ್ಲ," ಎಂದ. ದನಿಯಲ್ಲಿ ಹೆಮ್ಮೆಯಿತ್ತು.

ನಿಲ್ಲದೆ ಇದ್ದಿದ್ದರೆ ಏನಾಗುತ್ತಿತ್ತು ಎಂದು ನಿರ್ದೇಶಕ ಕೇಳಿದ. ಡಾಕ್ಟರು ಪಂದ್ಯವನ್ನೇ ನಿಲ್ಲಿಸುತ್ತಿದ್ದರು ಎಂದು ಮಾವ ಥಟ್ಟನೆ ಹೇಳಿದ. ಹೇಳಿಯಾದ ಮೇಲೆ ತಿರುಗಿ ಅಕ್ಕನ ಕುರ್ಚಿಯತ್ತ ನೋಡಿದ. ಮೆಟ್ಟಿಲಿಳಿದು ಬರುವಷ್ಟರಲ್ಲಿ ಅಕ್ಕ ಎದುರಿಗೆ ನಿಂತಿದ್ದಳು.

"ನೀನು ರಕ್ತ ನಿಲ್ಸೋವಾಗ ನನ್ನ ಮಗ ಏನಂದ?"

"ಏನಿಲ್ಲಕ್ಕ."

"ನನ್ನ ಮುಖ ನೋಡಿ ಹೇಳೋ."

"ಸಾಕು ಮಾವ, ತಲೆ ಸಿಡೀತಿದೆ ಅಂದ. ಗಾಯ ಇನ್ನೇನು ಮುಚ್ಚೋದ್ರಲ್ಲಿತ್ತು. ಸ್ವಲ್ಪ ತಡ್ಕೋ ಅಂದೆ."

ಅಕ್ಕ ಅವನ ಕಾಲರ್ ಹಿಡಿದು ಮುಷ್ಟಿಯಿಂದ ಬಾಯಿಗೆ ಗುದ್ದಿದಳು. ಮತ್ತೆ ಮೂಗಿಗೆ, ಮತ್ತೆ ಬಾಯಿಗೆ. ತುಟಿ ಒಡೆದು ಒಂದು ಹಲ್ಲು ಸಡಿಲವಾಯಿತು. ಅವನು ಕೈ ಅಡ್ಡ ತರಲಿಲ್ಲ. ಅರವತ್ತೆಂಟರ ಹೆಂಗಸು, ತೋಳು ಸೋತಾಗ ತಾನೇ ನಿಲ್ಲಿಸಿದಳು.

ಇದನ್ನು ಸಿನಿಮಾದಲ್ಲಿ ಸೇರಿಸಿದರೆ ಗೂಳಿಯ ತಪ್ಪು ಹಗುರವಾಗುತ್ತದೆ, ಇದ್ದಂತೆಯೇ ಬಿಡೋಣ ಎಂದು ನಿರ್ದೇಶಕ ಮೆಲ್ಲಗೆ ಹೇಳಿ ನೋಡಿದ.

"ಗೂಳಿ ಹೊಡೆದದ್ದು ಹೊಡೆದದ್ದೇ. ಅದ್ರಲ್ಲಿ ಒಂದೇಟೂ ಕಮ್ಮಿ ಮಾಡ್ಬೇಡಿ," ಎಂದಳು ಅಕ್ಕ. "ಆದ್ರೆ ನನ್ನ ಮಗ ಸಾಕು ಅಂದಿದ್ದ. ಅದು ಇರ್ಬೇಕು."

ಅವಳು ಬಂದ ವ್ಯಾನಿನಲ್ಲೇ ಹೊರಟಳು. ಮಾವ ವ್ಯಾನಿನ ಬಾಗಿಲಿನವರೆಗೆ ಹೋದ. ಅವಳು ಪಕ್ಕದ ಸೀಟಿನ ಮೇಲೆ ತನ್ನ ಚೀಲವಿಟ್ಟು, ಹೊರಡಪ್ಪ ಎಂದು ಡ್ರೈವರನಿಗೆ ಹೇಳಿದಳು.

ಒಳಗೆ ಮತ್ತೆ ದೀಪ ಹಾಕಿದರು. ಹುಡುಗನ ಪಾತ್ರದ ನಟ ಸ್ಟೂಲಿನ ಮೇಲೆ ಕೂತು, ಸಾಕು ಎಂಬ ಆ ಮಾತನ್ನು ಹೇಗೆ ಹೇಳಲಿ, ಕೂಗಿ ಹೇಳಲೇ ಎಂದು ಕೇಳಿದ.

ಮಾವ ತುಟಿಯ ರಕ್ತ ಉಗಿದು, "ಬೇಡಪ್ಪ, ಮೆಲ್ಲಗೆ. ನಂಗೊಬ್ಬನಿಗೇ ಕೇಳ್ಸಿತ್ತು," ಎಂದ.