ಉದ್ದ ನಾಲಿಗೆಯವಳ ಮಗಳು

ನಮ್ಮಕ್ಕನಿಗೆ ನಾಲಿಗೆ ಉದ್ದ ಎಂದು ಬೀದಿಯೆಲ್ಲ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು ಪಿಸುಗುಟ್ಟಿಕೊಂಡು ಕೂತರೆ ಕಲಿಯುವವರು ಗೋಡೆಗೆ ಗುದ್ದುತ್ತಾರೆ. ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಯ ಎರಡನೇ ಬ್ರೇಕಿನ ಮೇಲೆ ಹಗುರವಾಗಿ ಪಾದ ಇಟ್ಟುಕೊಂಡು, ಅವಳು ಬಾಯಲ್ಲೇ ಕಾರು ಓಡಿಸುತ್ತಾಳೆ. ಸ್ಟೇರಿಂಗಿಗೆ ಮಾತ್ರ, ಜಪ್ಪಯ್ಯ ಎಂದರೂ ಕೈ ಹಾಕುವುದಿಲ್ಲ. "ನಾನು ಹಿಡಿದ್ರೆ ನಾನು ಓಡಿಸಿದ ಹಾಗಾಯ್ತು, ನೀವೇನು ಕಲಿತ ಹಾಗಾಯ್ತು?" ಎನ್ನುತ್ತಾಳೆ. ದಪ್ಪ ಮೀಸೆಯ ಗಂಡಸರು ಅವಳ ಪಕ್ಕ ಕೂತು ಬೆವರು ಒರೆಸಿಕೊಂಡದ್ದನ್ನು ನಾನೇ ನೋಡಿದ್ದೇನೆ.

ಇಂಥವಳ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಹಾಲು ಕುಡಿಯಲಾರದೆ ಒದ್ದಾಡಿದಳು. ಎದೆಗೆ ಹಚ್ಚಿದರೆ ಚಪ್ ಚಪ್ ಎಂಬ ಸದ್ದು, ಬಾಯಿಯ ಮೂಲೆಯಿಂದ ಸೋರಿದ ಹಾಲೆಲ್ಲ ಕತ್ತಿನ ಮಡಿಕೆಗೆ. ಸ್ವಲ್ಪ ಹೊತ್ತಿಗೇ ಸುಸ್ತಾಗಿ ಕಣ್ಣು ಮುಚ್ಚುವಳು, ಕೆಳಗೆ ಮಲಗಿಸಿದ ಕೂಡಲೇ ಹಸಿವಿನಿಂದ ಅರಚುವಳು. ಅಕ್ಕನ ತೊಟ್ಟು ಒಡೆದು ರಕ್ತ ಬರುತ್ತಿತ್ತು. ಹಲ್ಲು ಕಚ್ಚಿಕೊಂಡು ಕೂರುತ್ತಿದ್ದಳು. ಮಗುವಿನ ತೂಕ ಮಾತ್ರ ಏರಲಿಲ್ಲ. ಕೈಜೋಡಿಸಲೆಂದು ಅಕ್ಕನ ಮನೆಗೆ ಬಂದಿದ್ದ ನಾನು ಅದರ ಕಡ್ಡಿಯಂಥ ಕಾಲನ್ನು ದಿನಾ ಬೆರಳಲ್ಲಿ ಅಳೆದು ನೋಡುತ್ತಿದ್ದೆ.

ಅಕ್ಕನ ಅತ್ತೆ ಕೆಟ್ಟವರಲ್ಲ, ಹೆದರಿದ್ದರು. ಅವರಿಗೆ ಹೆದರಿಕೆಯಾದರೆ ಅದು ಬುದ್ಧಿವಾದವಾಗಿ ಹೊರಗೆ ಬರುತ್ತದೆ.

"ನಿನಗೆ ಹಾಲು ಸಾಲ್ತಿಲ್ಲಮ್ಮ. ಸುಮ್ಮನೆ ಬಾಟ್ಲಿ ಹಿಡಿ. ಯಾರ ಮೇಲೆ ನಿನ್ನ ಹಟ?"

"ಸಾಲ್ದೆ ಇದ್ರೆ ನನ್ನ ಅಂಗಿ ಯಾಕತ್ತೆ ಹೀಗೆ ಒದ್ದೆಯಾಗುತ್ತೆ?" ಎಂದಳು ಅಕ್ಕ.

ಭಾವನ ಸುದ್ದಿ ಕೇಳಬೇಡಿ. ಅಮ್ಮ ಹೇಳಿದ್ದಕ್ಕೂ ತಲೆಯಾಡಿಸುತ್ತಾರೆ, ಹೆಂಡತಿ ಹೇಳಿದ್ದಕ್ಕೂ ತಲೆಯಾಡಿಸುತ್ತಾರೆ. ಕತ್ತು ಉಳುಕದಿರುವುದೇ ದೊಡ್ಡದು.

ಆಸ್ಪತ್ರೆಯಲ್ಲಿ ಹಾಲುಣಿಸುವುದನ್ನು ಹೇಳಿಕೊಡುವ ನರ್ಸಮ್ಮ ಮೊದಲು ಮಗುವನ್ನು ಬೇರೆ ಬೇರೆ ರೀತಿ ಹಿಡಿಸಿ ನೋಡಿದರು. ಅದರಿಂದೇನೂ ಆಗಲಿಲ್ಲ. ಆಮೇಲೆ ಡಾಕ್ಟರು ಕೈಗವಸು ತೊಟ್ಟು ಮಗುವಿನ ನಾಲಿಗೆ ಎತ್ತಿ ತೋರಿಸಿದರು. ಅಡಿಯಲ್ಲಿ ಬಿಗಿಯಾದ ಗಿಡ್ಡ ಪೊರೆ. ನಾಲಿಗೆಯ ತುದಿಯನ್ನು ಕೆಳಕ್ಕೆ ಕಟ್ಟಿಹಾಕಿದ ಹಾಗಿತ್ತು, ತುಟಿ ದಾಟಿ ಹೊರಗೆ ಬರುತ್ತಲೇ ಇರಲಿಲ್ಲ.

"ಇಂಥ ನಾಲಿಗೆ ಇದ್ದೂ ಚೆನ್ನಾಗಿ ಕುಡಿಯೋ ಮಕ್ಕಳಿರ್ತಾರೆ, ಅವರ ತಂಟೆಗೆ ನಾವು ಹೋಗಲ್ಲ. ಇವಳಿಗೆ ಕಷ್ಟವಾಗ್ತಿದೆ. ಪೊರೆನ ಸ್ವಲ್ಪ ಕತ್ತರಿಸಬಹುದು" ಎಂದರು.

ಅತ್ತೆ ಕುರ್ಚಿಯಿಂದ ಎದ್ದೇಬಿಟ್ಟರು. "ಹಸುಗೂಸಿನ ಬಾಯಿಗೆ ಕತ್ತರಿನಾ? ನಾನು ಸತ್ತ ಮೇಲೆ ಮಾಡಿಸ್ಕೋ."

"ನೀವು ನೂರು ವರ್ಷ ಇರ್ತೀರಿ ಅತ್ತೆ. ಇವಳಿಗೆ ಹಸಿವಾಗಿರೋದು ಈಗ."

ಮಗುವನ್ನು ಟವಲಿನಲ್ಲಿ ಸುತ್ತಿ, ನರ್ಸಮ್ಮ ತಲೆ ಹಿಡಿದುಕೊಂಡರು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಒಂದೆರಡು ಹನಿ ರಕ್ತ, ಒಂದು ಚೀರಾಟ. ಕೂಡಲೇ ಎದೆಗೆ ಹಚ್ಚಿಕೊಳ್ಳಲು ಹೇಳಿದರು. ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡಿದೆವು. ಮಗು ನೆಕ್ಕಿತು, ಜಾರಿತು, ಮತ್ತದೇ ಚಪ್ ಚಪ್. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು.

"ಕೊಯ್ಸಿದ್ದೂ ದಂಡ" ಎಂದರು ಅತ್ತೆ.

ಡಾಕ್ಟರು ಸಮಾಧಾನದಿಂದಲೇ ವಿವರಿಸಿದರು. ನಾಲಿಗೆ ಬಿಡುಗಡೆಯಾದ ಮಾತ್ರಕ್ಕೆ ಕುಡಿಯುವುದು ಬಂದುಬಿಡುವುದಿಲ್ಲ, ಮಗು ಕಲಿಯಬೇಕು. ಅಲ್ಲಿಯವರೆಗೆ ಎದೆಹಾಲನ್ನೇ ಹಿಂಡಿ ಚಮಚದಲ್ಲಿ ಕುಡಿಸಬೇಕು, ಮುಂದಿನ ವಾರ ತೂಕ ನೋಡಬೇಕು. ಏರದಿದ್ದರೆ ಪುಡಿ ಹಾಲು ಸೇರಿಸಲೇಬೇಕು.

"ಏರದಿದ್ರೆ ನಾನೇ ತರ್ತೀನಿ" ಎಂದಳು ಅಕ್ಕ. "ಮಗುನ ಉಪವಾಸ ಕೆಡವಿ ಗೆಲ್ಲೋ ಹಟ ನನಗಿಲ್ಲ. ಆದರೆ ಅಲ್ಲೀವರೆಗೆ ನನ್ನ ಮಗಳ ಕೈಲಿ ಆಗಲ್ಲ ಅಂತ ಯಾರೂ ಅನ್ನಬಾರದು."

ಅನ್ನುವವರ ಬಾಯಿಗೆ ಬೀಗ ಹಾಕುವುದುಂಟೆ? ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತು, "ಅಮ್ಮಂದು ಉದ್ದ, ಮಗಳದ್ದು ಗಿಡ್ಡ, ಸರಿಹೋಯ್ತು ಬಿಡಿ" ಎಂದು ಹಲ್ಲು ಕಿರಿದಳು. ಬಾಗಿಲು ಹಾಕಿದವಳು ನಾನು, ಮೆಲ್ಲಗೇನೂ ಹಾಕಲಿಲ್ಲ. ಗಾಯದ ಜಾಗದಲ್ಲಿ ಬಿಳಿ ಕಾಣಿಸಿದಾಗ ಅತ್ತೆ ಕೀವೆಂದುಕೊಂಡು ಬೆರಳಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಬಂದರು. ಅಕ್ಕ ಅವರ ಮಣಿಕಟ್ಟು ಹಿಡಿದಳು. "ಹೀಗೇ ಬೆಳ್ಳಗಾಗಿ ಮಾಯುತ್ತೆ ಅಂತ ಡಾಕ್ಟರ್ ಹೇಳಿದ್ದಾರೆ ಅತ್ತೆ. ಉಜ್ಜಬೇಡಿ." ಅತ್ತೆ ಆ ದಿನವೆಲ್ಲ ಮುಖ ಊದಿಸಿಕೊಂಡಿದ್ದರು.

ಆದರೂ ಮಗು ಕಲಿಯಲಿಲ್ಲ. ಎದೆಯ ಹತ್ತಿರ ತಂದರೆ ಬೆನ್ನು ಬಿಲ್ಲಿನಂತೆ ಬಗ್ಗಿಸಿ ಹಿಂದಕ್ಕೆ ತಳ್ಳುತ್ತಿತ್ತು. ಅಕ್ಕ ಮೊದಲ ಸಲ ಅತ್ತದ್ದು ಆಗ. "ನನ್ನನ್ನೇ ಬೇಡ ಅಂತಾಳೆ ಕಣೇ" ಎಂದಳು. ಮತ್ತೆ ನರ್ಸಮ್ಮನ ಕೋಣೆಗೆ ಹೋದೆವು. ಅಕ್ಕ ಮಗುವನ್ನು ಎದೆಗೆ ಹಚ್ಚುವುದನ್ನು ಅವರು ಬಗ್ಗಿ ನೋಡಿದರು.

"ಆ ಕೈ ತೆಗೀರಿ" ಎಂದರು.

ಅಕ್ಕನ ಅಂಗೈ ಮಗುವಿನ ತಲೆಯ ಹಿಂಭಾಗವನ್ನು ಎದೆಗೆ ಒತ್ತುತ್ತಿತ್ತು.

"ತಲೆ ಒತ್ತಿದ್ರೆ ಯಾವ ಮಗುವೂ ಹಿಂದಕ್ಕೆ ತಳ್ಳುತ್ತೆ. ಕತ್ತು, ಭುಜಕ್ಕೆ ಆಸರೆ ಕೊಡಿ, ಅಷ್ಟೇ. ತೊಟ್ಟು ಅವಳ ಮೂಗಿನ ನೇರಕ್ಕಿರಲಿ. ಬಾಯಿ ಅಗಲ ತೆರೆಯೋವರೆಗೆ ಕಾಯಿರಿ. ತೆರೆಯೋಳು ಅವಳು, ನೀವಲ್ಲ."

ಅಕ್ಕ ಕೈ ಸಡಿಲಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಥೂ ನನ್ನ! ಸ್ಟೇರಿಂಗ್ ಹಿಡ್ಕೊಂಡು ಕೂತಿದ್ದೀನಲ್ಲೇ ಇಷ್ಟು ದಿನ" ಎಂದಳು. ನರ್ಸಮ್ಮನಿಗೆ ತಲೆಬುಡ ಅರ್ಥವಾಗಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ.

ಅಂದಿನಿಂದ ಮನೆಯಲ್ಲೇ ಡ್ರೈವಿಂಗ್ ಸ್ಕೂಲು. ಕಿಟಕಿಯ ಪಕ್ಕ ದಿಂಬು ಒರಗಿಸಿಕೊಂಡು ಕೂತು ಅಕ್ಕ ಮಗಳಿಗೆ ಬಹುವಚನದಲ್ಲಿ ಹೇಳಿಕೊಡುತ್ತಿದ್ದಳು. "ಆತುರ ಬೇಡ ಮೇಡಂ. ಬಾಯಿ ಪೂರ್ತಿ ತೆಗೀರಿ. ಆಫ್ ಆಯ್ತಾ? ಪರವಾಗಿಲ್ಲ, ಮತ್ತೆ ಸ್ಟಾರ್ಟ್ ಮಾಡಿ." ಮಗು ನಾಲ್ಕು ಗುಟುಕು ಎಳೆದು ಜಾರುವುದು, ಅಕ್ಕ ಕಾಯುವುದು. ಉಳಿದ ಹಸಿವಿಗೆ ಚಮಚ. ಅತ್ತೆ ಅಡುಗೆಮನೆಯಿಂದ ಇಣುಕಿ ಇಣುಕಿ ಹೋಗುತ್ತಿದ್ದರು.

ತೂಕದ ದಿನ ಎಲ್ಲರೂ ಹೋದೆವು. ಅತ್ತೆ ಹೊಸ ಬಾಟಲಿಯೊಂದನ್ನು ಕುದಿಸಿ, ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿ ಇಟ್ಟುಕೊಂಡಿದ್ದರು. ನಾನು ನೋಡಿದೆ, ಮೈ ಉರಿಯಿತು. ಬೆಂಚು ತುಂಬ ಜನ. ಕಾದು ಕಾದು ಮಗು ಅಳಲು ಶುರುಮಾಡಿತು. ಅಕ್ಕ ಅಲ್ಲೇ ಗೋಡೆಗೊರಗಿ ಅದನ್ನು ಎದೆಯ ಹತ್ತಿರ ಹಿಡಿದು ಕಾದಳು. ಮಗು ಆಕಳಿಸುವ ಹಾಗೆ ಬಾಯಿ ತೆರೆಯಿತು. ಗಲ್ಲ ಎದೆಗೆ ಒತ್ತಿಕೊಂಡಿತು. ಚಪ್ ಚಪ್ ಇಲ್ಲ. ಅಳುವೂ ನಿಂತಿತು.

"ಮುಂದಿನ ಮಗು. ಬಟ್ಟೆ ಬಿಚ್ಚಿ ಬೇಗ ತನ್ನಿ" ಎಂದು ತಕ್ಕಡಿಯ ಹತ್ತಿರ ನಿಂತಿದ್ದ ಸಹಾಯಕಿ ಕೂಗಿದಳು. ಭಾವ ಎದ್ದುನಿಂತರು. ಅಕ್ಕ ಅಲ್ಲಾಡಲಿಲ್ಲ.

"ತಕ್ಕಡಿ ಕಾಯಲಿ" ಎಂದಳು.

"ನಮಗೇನು ಬೇರೆ ಕೆಲಸ ಇಲ್ವಾ?" ಎಂದು ಹಿಂದಿನಿಂದ ಯಾರೋ ಗೊಣಗಿದರು.

ಅತ್ತೆ ಬಗ್ಗಿ ಮಗುವಿನ ಹತ್ತಿರ ಕಿವಿ ತಂದರು. ಗುಟುಕ್. ಸ್ವಲ್ಪ ತಡೆದು ಮತ್ತೆ ಗುಟುಕ್. ಅವರ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು, ನೆಟ್ಟಗೆ ನಿಂತು, ಇಡೀ ಸಾಲಿಗೆ ಕೇಳುವ ಹಾಗೆ ಹೇಳಿದರು:

"ಅವಸರ ಇದ್ದೋರು ಮುಂದೆ ಹೋಗಿ. ನಮ್ಮ ಹುಡುಗಿ ಊಟ ಮಾಡ್ತಿದ್ದಾಳೆ."

ಆಮೇಲೆ ತೂಕ ಹಾಕಿದರು. ಏರಿತ್ತು.